ಎರಡನೆಯ ಬಾಣಂತನ

ಆಸ್ಪತ್ರೆಯಿಂದ ಮನೆಗೆ ಬಂದ ಸಂಜೆ ಅತ್ತಿಗೆ ನನ್ನ ಕಿವಿಗೆ ಹತ್ತಿ ಇಟ್ಟು, ತಲೆಗೆ ಉಣ್ಣೆಯ ಸ್ಕಾರ್ಫ್ ಕಟ್ಟಿ, ಕಿಟಕಿ ಮುಚ್ಚಿ, ಬಲಗೈಯ ಕೆಳಗೆ ಎರಡು ದಿಂಬು ಜೋಡಿಸಿ, "ಇನ್ನು ಮೂರು ತಿಂಗಳು ನೀನು ಒಂದು ಲೋಟ ಕೂಡ ಎತ್ತಕೂಡದು" ಎಂದರು. ಮೆಣಸಿನ ಸಾರಿನ ಬಟ್ಟಲು ಅವರ ಕೈಯಲ್ಲೇ ಇತ್ತು. ನನ್ನ ಮಗಳು ಹುಟ್ಟಿದಾಗ ಇದೇ ಕೋಣೆಯಲ್ಲಿ, ಇದೇ ಮಂಚದ ಮೇಲೆ ಅಮ್ಮ ನನಗೆ ಮಾಡಿದ್ದನ್ನೇ ಅತ್ತಿಗೆ ಒಂದೂ ಬಿಡದಂತೆ ಮಾಡುತ್ತಿದ್ದರು. ಕ್ಯಾನ್ಸರಿನಿಂದಾಗಿ ಬಲಗಡೆಯ ಸ್ತನವನ್ನೂ ಕಂಕುಳಿನ 17 ಗ್ರಂಥಿಗಳನ್ನೂ ತೆಗೆಸಿಕೊಂಡು ಬಂದ 51 ವರ್ಷದ ನನಗೆ ಅಂದು ಆರಂಭವಾದದ್ದು ಎರಡನೆಯ ಬಾಣಂತನ.

ನಮ್ಮ ಮನೆಗಳಲ್ಲಿ ಹೆಣ್ಣಿನ ದೇಹ ದೊಡ್ಡ ಪೆಟ್ಟೊಂದನ್ನು ತಿಂದು ಚೇತರಿಸಿಕೊಳ್ಳುವುದಕ್ಕೆ ಇರುವ ಮಾದರಿ ಇದೊಂದೇ. ಬೆಚ್ಚಗಿರಬೇಕು, ಗಾಳಿಗೆ ಮೈಯೊಡ್ಡಬಾರದು, ಮಲಗಿರಬೇಕು, ಕೆಲಸವನ್ನೆಲ್ಲ ಬೇರೆಯವರು ಮಾಡಬೇಕು. ಅದರಲ್ಲಿರುವ ಪ್ರೀತಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. 20 ವರ್ಷಕ್ಕೂ ಹೆಚ್ಚು ಕಾಲ ಬೆಳಗ್ಗೆ ಐದಕ್ಕೆ ಎದ್ದು, ಅಡುಗೆ ಮುಗಿಸಿ, ಬಸ್ಸು ಹಿಡಿದು ಶಾಲೆಗೆ ಹೋಗಿ ಪಾಠ ಮಾಡಿದ ಹೆಂಗಸಿಗೆ ಯಾರಾದರೂ "ನೀನು ಸುಮ್ಮನೆ ಮಲಗಿಕೋ" ಎಂದರೆ ಕಣ್ಣು ತುಂಬಿ ಬರುತ್ತದೆ. ನಾನು ಸುಮ್ಮನೆ ಮಲಗಿಕೊಂಡೆ. ಆಸ್ಪತ್ರೆಯವರು ಕೊಟ್ಟ ಡಿಸ್ಚಾರ್ಜ್ ಹಾಳೆಯ ಹಿಂಬದಿಯಲ್ಲಿದ್ದದ್ದೂ ಬಹುತೇಕ ಬೇಡಗಳೇ: ಆ ಕೈಯಲ್ಲಿ ಭಾರ ಎತ್ತಬೇಡಿ, ಬಿಪಿ ನೋಡಿಸಬೇಡಿ, ಸೂಜಿ ಚುಚ್ಚಿಸಬೇಡಿ, ಬಿಗಿಯಾದ ಬಳೆ ತೊಡಬೇಡಿ. ಕೊನೆಯ ಸಾಲಿನಲ್ಲಿ ಮಾತ್ರ "ಕೈಗೆ ವ್ಯಾಯಾಮ ಮಾಡಿ" ಎಂದಿತ್ತು. ಯಾವ ವ್ಯಾಯಾಮ, ಎಂದಿನಿಂದ, ದಿನಕ್ಕೆ ಎಷ್ಟು ಸಲ, ನೋವಾದರೆ ನಿಲ್ಲಿಸಬೇಕೇ ಮುಂದುವರಿಸಬೇಕೇ ಎಂಬುದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಾತ್ರೆಯ ಚೀಟಿಯಲ್ಲಿ ಬೆಳಗ್ಗೆ ಒಂದು, ರಾತ್ರಿ ಒಂದು, ಊಟದ ನಂತರ ಎಂದು ಬರೆದುಕೊಡುವವರು ವ್ಯಾಯಾಮಕ್ಕೆ ಅಂಥ ಪ್ರಮಾಣವನ್ನು ಬರೆಯದಿದ್ದದ್ದು ನನಗಾಗಲಿ ಮನೆಯವರಿಗಾಗಲಿ ವಿಚಿತ್ರವೆನಿಸಲಿಲ್ಲ. ಈಗ, ಶಸ್ತ್ರಚಿಕಿತ್ಸೆಯಾಗಿ ಐದನೆಯ ವರ್ಷದಲ್ಲಿ, ಅದೇ ನನ್ನನ್ನು ಹೆಚ್ಚು ಕಾಡುವ ಸಂಗತಿಯಾಗಿದೆ.

ಕಂಕುಳಿನ ದುಗ್ಧಗ್ರಂಥಿಗಳು ಕೈಯಿಂದ, ಎದೆಯ ಆ ಭಾಗದಿಂದ ಹರಿದುಬರುವ ದುಗ್ಧರಸವನ್ನು, ಅಂದರೆ ಅಂಗಾಂಶಗಳಿಂದ ಬಂದು ಸೇರುವ ಲಿಂಫ್ ಎಂಬ ದ್ರವವನ್ನು, ಸೋಸಿ ಮುಂದಕ್ಕೆ ಕಳಿಸುವ ಕಟ್ಟೆಗಳಿದ್ದಂತೆ. ರಕ್ತಕ್ಕೆ ಹೃದಯವಿರುವ ಹಾಗೆ ದುಗ್ಧರಸಕ್ಕೆ ಪ್ರತ್ಯೇಕವಾದ ಪಂಪಿಲ್ಲ. ನಾಳಗಳ ಗೋಡೆಗಳು ಮೆಲ್ಲಗೆ ಸಂಕುಚಿಸುವುದರಿಂದ, ಸುತ್ತಲಿನ ಸ್ನಾಯುಗಳು ಬಿಗಿದು ಸಡಿಲವಾಗುವುದರಿಂದ, ಆಳವಾದ ಉಸಿರಾಟದಿಂದ ಅದು ಮೇಲಕ್ಕೆ ಏರುತ್ತದೆ. ಕಟ್ಟೆಗಳನ್ನೇ ತೆಗೆದ ಮೇಲೆ ಅದಕ್ಕೆ ದಾರಿ ಕಿರಿದಾಗುತ್ತದೆ. ಅಂಥ ಕೈಯನ್ನು ದಿಂಬಿನ ಮೇಲೆ ತಿಂಗಳುಗಟ್ಟಲೆ ಅಲುಗಾಡಿಸದೆ ಇಟ್ಟರೆ ಇರುವ ಸಹಾಯವನ್ನೂ ಕಿತ್ತುಕೊಂಡಂತಾಗುತ್ತದೆ. ಗಾಯದ ದ್ರವವನ್ನು ಹೊರಹರಿಸುವ ಡ್ರೇನ್ ಕೊಳವೆ ಎದೆಯ ಪಕ್ಕದಲ್ಲಿ ಇರುವಾಗಲೂ ಮುಷ್ಟಿಯನ್ನು ಬಿಗಿದು ಬಿಡುವುದು, ಮೊಣಕೈ ಮಡಿಸಿ ಚಾಚುವುದು, ಹೆಗಲನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸುವುದು, ಕೈಯನ್ನು ಹೆಗಲ ಮಟ್ಟ ದಾಟಿಸದೆ ಮುಂದಕ್ಕೆ ಎತ್ತುವುದು ಸಾಧ್ಯ. ಕೊಳವೆ ತೆಗೆದು ಗಾಯ ಒಣಗುತ್ತ ಬಂದಂತೆ ಕೈಯನ್ನು ತಲೆಯ ಮೇಲಕ್ಕೆ ಒಯ್ಯುವುದನ್ನು ಕಲಿಸುತ್ತಾರೆ. ಇದೆಲ್ಲ ನನಗೆ ಗೊತ್ತಾಗುವ ಹೊತ್ತಿಗೆ ಆರು ತಿಂಗಳು ಕಳೆದಿತ್ತು.

ಆ ಆರು ತಿಂಗಳು ಕೀಮೋದಲ್ಲಿ ಹೋದವು. ಮೊದಲು ಕೆಂಪು ಔಷಧ, ಆಮೇಲೆ ಕಾಲ್ಬೆರಳುಗಳನ್ನು ಮರಗಟ್ಟಿಸಿದ ಮತ್ತೊಂದು. ವಾಂತಿ, ಬಾಯಿಹುಣ್ಣು, ಉದುರಿದ ಕೂದಲು, ಇವುಗಳ ನಡುವೆ ಬಲಗೈಯ ವಿಚಾರ ಯಾರಿಗೂ ಮುಖ್ಯವೆನಿಸಲಿಲ್ಲ. ಕೈ ತಾನಾಗಿಯೇ ಎದೆಗೆ ಒತ್ತಿಕೊಂಡು, ಗಾಯವನ್ನು ಕಾಯುವಂತೆ ಮಡಿಚಿಕೊಂಡೇ ಇರುತ್ತಿತ್ತು. ಮೂರನೆಯ ವಾರದ ಹೊತ್ತಿಗೇ ಕಂಕುಳಿನಿಂದ ಮೊಣಕೈಯ ಒಳಮಗ್ಗುಲಿನವರೆಗೆ ಚರ್ಮದಡಿಯಲ್ಲಿ ಒಂದು ತಂತಿ ಬಿಗಿದಂತಾಗಿ, ಕೈ ಚಾಚಿದರೆ ಅದು ಮೇಲೆದ್ದು ಕಾಣುತ್ತಿತ್ತು. "ನರ ಹಿಡಿದಿದೆ" ಎಂದರು ನೋಡಿದವರು. ನಾನೂ ನಂಬಿದೆ. ಹಿಂದೆ ಹುಕ್ಕಿರುವ ರವಿಕೆಗಳನ್ನು ಮಡಿಸಿ ಟ್ರಂಕಿಗೆ ಹಾಕಿದೆ, ಮುಂದೆ ಗುಂಡಿಯಿರುವ ನೈಟಿಗಳಲ್ಲೇ ದಿನ ಕಳೆದೆ. ಬೆನ್ನು ತೊಳೆಯುವುದಕ್ಕೆ, ಅಟ್ಟದ ಮೇಲಿನ ಡಬ್ಬಿ ಇಳಿಸುವುದಕ್ಕೆ, ದೇವರ ಪಟಕ್ಕೆ ಹೂ ಏರಿಸುವುದಕ್ಕೆ ಮಗಳನ್ನು ಕರೆಯುತ್ತಿದ್ದೆ. ಕೈ ಸೋಲುತ್ತಿದೆ ಎಂದು ಒಮ್ಮೆಯೂ ಅನಿಸಲಿಲ್ಲ, ಅದಕ್ಕೆ ವಿಶ್ರಾಂತಿ ಸಿಗುತ್ತಿದೆ ಎಂದೇ ಎಲ್ಲರೂ ಸಮಾಧಾನಪಟ್ಟೆವು.

ಗೊತ್ತಾದದ್ದು ರೇಡಿಯೇಷನ್ನಿಗೆ ಅಳತೆ ತೆಗೆದುಕೊಳ್ಳುವ ದಿನ. ನಮ್ಮ ಕಡೆ ಅದನ್ನು "ಕರೆಂಟು ಕೊಡುವುದು" ಎನ್ನುತ್ತಾರೆ. ಎದೆಯ ಭಾಗಕ್ಕೆ ಕಿರಣ ಬೀಳಬೇಕಾದರೆ ತೋಳು ದಾರಿಗೆ ಅಡ್ಡ ಬರಬಾರದು, ಆದ್ದರಿಂದ ಮಲಗಿ ಕೈಗಳನ್ನು ತಲೆಯ ಹಿಂದಕ್ಕೆ ಚಾಚಿ, ಅಲ್ಲಿರುವ ಹಿಡಿಕೆಯ ಮೇಲಿಟ್ಟು, ಪ್ರತಿದಿನವೂ ಅದೇ ಭಂಗಿಯಲ್ಲಿ ಅಲುಗಾಡದೆ ಇರಬೇಕು. ನನ್ನ ಎಡಗೈ ಹೋಯಿತು. ಬಲಗೈ ಹೆಗಲಿನ ಮಟ್ಟವನ್ನು ಸ್ವಲ್ಪ ದಾಟಿ ನಿಂತುಬಿಟ್ಟಿತು. "ಅಮ್ಮಾ, ಇನ್ನೊಂದು ಚೂರು ಮೇಲೆ" ಎಂದು ತಂತ್ರಜ್ಞೆ ಹುಡುಗಿ ಮೊಣಕೈಗೆ ಕೈಯಾಸರೆ ಕೊಟ್ಟಳು. ನಾನು ಕಿರುಚಿಕೊಂಡೆ. ಆ ತಣ್ಣನೆಯ ಹಲಗೆಯ ಮೇಲೆ ಮಲಗಿ ಸೂರಿನ ದೀಪ ನೋಡುತ್ತ ನಾನು ಅತ್ತದ್ದು ನೋವಿಗಿಂತ ಹೆಚ್ಚಾಗಿ ಭಯಕ್ಕೆ. ಕ್ಯಾನ್ಸರಿಗೆ ಕೊಡಬೇಕಾದ ಚಿಕಿತ್ಸೆ ಒಂದು ಹೆಗಲಿನ ಕಾರಣಕ್ಕೆ ಎರಡು ವಾರ ಮುಂದಕ್ಕೆ ಹೋಯಿತು. ನನ್ನನ್ನು ಫಿಸಿಯೋಥೆರಪಿ ವಿಭಾಗಕ್ಕೆ ಕಳಿಸಿದರು.

ಅಲ್ಲಿದ್ದ ಹುಡುಗಿಗೆ ನನ್ನ ಹಳೆಯ ವಿದ್ಯಾರ್ಥಿನಿಯರಷ್ಟೇ ವಯಸ್ಸು. ಕಂಕುಳನ್ನು ಮುಟ್ಟಿ ನೋಡಿದ ಕೂಡಲೇ ಆ ತಂತಿ ನರವಲ್ಲ, ಗ್ರಂಥಿ ತೆಗೆದ ಮೇಲೆ ಅನೇಕರಲ್ಲಿ ಹೀಗೆ ಹಗ್ಗದಂಥ ಎಳೆಗಳು ಕಾಣಿಸಿಕೊಳ್ಳುತ್ತವೆ, ಮೆಲ್ಲಗೆ ಎಳೆದು ಸಡಿಲಿಸಬಹುದು ಎಂದಳು. ನನ್ನನ್ನು ಗೋಡೆಯ ಪಕ್ಕ ನಿಲ್ಲಿಸಿ, ಬಲಗೈಯ ತೋರುಬೆರಳು ಮತ್ತು ನಡುಬೆರಳನ್ನು ಇರುವೆ ಹತ್ತಿದ ಹಾಗೆ ಗೋಡೆಯ ಮೇಲೆ ಹತ್ತಿಸಲು ಹೇಳಿದಳು. ಬೆರಳುಗಳು ನನ್ನ ಹುಬ್ಬಿನ ಮಟ್ಟಕ್ಕೆ ಬಂದು ನಿಂತವು. ಅಲ್ಲೊಂದು ಪೆನ್ಸಿಲ್ ಗೀಟು ಎಳೆದು, "ನೋವು ಎಲ್ಲಿ ಶುರುವಾಗುತ್ತೋ ಅಲ್ಲೀ ತನಕ ಹೋಗಿ ಅಮ್ಮ, ಅಲ್ಲೇ ನಿಂತು ಐದು ಸಲ ಉಸಿರು ತಗೊಳ್ಳಿ. ಅದನ್ನ ದಾಟೋಕೆ ಹೋಗಬೇಡಿ" ಎಂದಳು. ಮನೆಯಲ್ಲಿ ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯನ್ನು ಆರಿಸಿಕೊಂಡೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಹತ್ತು ಹತ್ತು ಸಲ. ಮಲಗಿಕೊಂಡು ಕಸಬರಿಗೆಯ ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಎಡಗೈಯ ಬಲದಿಂದ ಬಲಗೈಯನ್ನು ತಲೆಯ ಕಡೆಗೆ ಒಯ್ಯುವುದು. ಅಂಗೈಗಳನ್ನು ಕತ್ತಿನ ಹಿಂದೆ ಕಟ್ಟಿ ಮೊಣಕೈಗಳನ್ನು ಹಾಸಿಗೆಯ ಕಡೆಗೆ ಬಿಡುವುದು. ಮೊದಲ ನಾಲ್ಕು ದಿನ ಗೀಟು ಮೇಲೇರಲೇ ಇಲ್ಲ. ಐದನೆಯ ದಿನ ಒಂದು ಬೆರಳಿನ ಅಗಲ ಏರಿತು. ಆರನೆಯ ದಿನ ಸ್ವಲ್ಪ ಇಳಿಯಿತು, ನಾನು ಊಟ ಬಿಟ್ಟು ಕೂತೆ. ಹನ್ನೆರಡನೆಯ ದಿನದ ಗೀಟು ಬಾಗಿಲಿನ ಮೇಲ್ಪಟ್ಟಿಗಿಂತ ಒಂದು ಗೇಣು ಕೆಳಗಿತ್ತು. ಆ ಗೀಟುಗಳ ಮೇಲೆ ಇವತ್ತಿಗೂ ಸುಣ್ಣ ಹೊಡೆಸಿಲ್ಲ.

ಎರಡನೆಯ ಸಲ ಕೈ ಹಿಡಿಕೆಯನ್ನು ಮುಟ್ಟಿತು. 15 ದಿನದ ಕರೆಂಟು ಮುಗಿಯಿತು. ಕಿರಣ ಬಿದ್ದ ಚರ್ಮ ಮತ್ತು ಅದರಡಿಯ ಸ್ನಾಯು ಚಿಕಿತ್ಸೆ ಮುಗಿದ ಎಷ್ಟೋ ತಿಂಗಳುಗಳ ನಂತರವೂ ಬಿಗಿಯಾಗುತ್ತ ಹೋಗಬಹುದು, ಆದ್ದರಿಂದ ಗೋಡೆಯನ್ನು ಬಿಡಬೇಡಿ ಎಂದು ಅವಳು ಎಚ್ಚರಿಸಿದ್ದಳು. ಬಿಟ್ಟಿಲ್ಲ. ಮುಂದೆ ಒಂದು ದಿನ ಓದಿದಾಗ ನನಗೆ ಸಂಕಟವಾದ ಅಧ್ಯಯನವೊಂದಿದೆ. ಬ್ರಿಟನ್ನಿನ 17 ಕೇಂದ್ರಗಳಲ್ಲಿ, ಹೆಗಲು ಹಿಡಿದುಕೊಳ್ಳುವ ಅಪಾಯ ಹೆಚ್ಚಿರುವ 392 ಮಹಿಳೆಯರ ಮೇಲೆ ನಡೆದು 2021ರಲ್ಲಿ ಪ್ರಕಟವಾದದ್ದು. ಶಸ್ತ್ರಚಿಕಿತ್ಸೆಯಾದ 7ರಿಂದ 10 ದಿನಗಳಲ್ಲೇ ಫಿಸಿಯೋಥೆರಪಿಸ್ಟರ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಆರಂಭಿಸಿದವರ ಕೈ ಒಂದು ವರ್ಷದ ನಂತರ, ಬರೀ ಕರಪತ್ರ ಪಡೆದು ಮನೆಗೆ ಹೋದವರ ಕೈಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಏಳನೆಯ ದಿನ ನಾನು ದಿಂಬಿನ ಮೇಲೆ ಕೈಯಿಟ್ಟುಕೊಂಡು ಮೆಣಸಿನ ಸಾರು ಕುಡಿಯುತ್ತಿದ್ದೆ.

ಶಾಲೆಗೆ ಮರಳಿದ ಮೊದಲ ದಿನ ಕರಿಹಲಗೆಯ ಬಲ ಮೇಲ್ತುದಿಯಲ್ಲಿ ದಿನಾಂಕವನ್ನು ಬರೆದೆ. ಅಕ್ಷರ ಓರೆಯಾಯಿತು, ಆದರೆ ಎತ್ತರ ಮೊದಲಿನದೇ ಆಗಿತ್ತು.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಅದಾಗಿ ವರ್ಷ ತುಂಬುವ ಹೊತ್ತಿಗೆ, ಗೌರಿ ಹಬ್ಬದ ಮಾರನೆಯ ದಿನ, ಬಲಗೈಗೆ ಹಾಕಿಕೊಂಡಿದ್ದ ಗಾಜಿನ ಬಳೆಗಳು ಹೊರಗೆ ಬರಲಿಲ್ಲ. ಎಡಗೈಯಲ್ಲಿ ಅದೇ ಅಳತೆಯ ಬಳೆಗಳು ಸಲೀಸಾಗಿ ಜಾರುತ್ತಿದ್ದವು. ಸೋಪು ಹಚ್ಚಿ ತೆಗೆದಾಗ ಮಣಿಕಟ್ಟಿನ ಮೇಲೆ ಅವುಗಳ ಗುರುತು ಆಳವಾಗಿ ಉಳಿದಿತ್ತು, ಒತ್ತಿದರೆ ಬೆರಳಿನ ಕುಳಿ ಬೀಳುವಂತಿತ್ತು. ಇದೇ ಲಿಂಫೆಡೀಮಾ, ದುಗ್ಧರಸ ನಿಂತು ಬರುವ ಬಾವು. ಮನೆಯಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು: "ಹೇಳಿರಲಿಲ್ಲವೇ, ಆ ಕೈಯನ್ನು ಅಷ್ಟು ದುಡಿಸಬೇಡ ಎಂದು?" ಅತ್ತಿಗೆ ಬಾಣಂತಿಯರಿಗೆ ಎಣ್ಣೆ ನೀರು ಹಾಕುವ ಹೆಂಗಸನ್ನು ಕರೆಸಿ ತೋಳನ್ನು ಚೆನ್ನಾಗಿ ಉಜ್ಜಿಸಬೇಕು, ಬಿಸಿನೀರಿನ ಚೀಲ ಇಡಬೇಕು ಎಂದರು. ಅಷ್ಟರಲ್ಲಿ ನಾನು ಫಿಸಿಯೋಥೆರಪಿಯ ಹುಡುಗಿಗೆ ಫೋನು ಮಾಡಿದ್ದು ಒಳ್ಳೆಯದಾಯಿತು. ಬಾವು ಬಂದ ಕೈಯನ್ನು ಬಲವಾಗಿ ತಿಕ್ಕುವುದು, ಕಾವು ಕೊಡುವುದು ಎರಡೂ ಕೆಡುಕು ಮಾಡಬಲ್ಲವು. ಅದರ ಮೇಲೆ ನನ್ನ ತೋಳಿನ ಒಳಮಗ್ಗುಲಿಗೆ ಶಸ್ತ್ರಚಿಕಿತ್ಸೆಯಾದಂದಿನಿಂದ ಸ್ಪರ್ಶವೇ ಸರಿಯಾಗಿ ತಿಳಿಯುವುದಿಲ್ಲ, ಸುಟ್ಟರೂ ಗೊತ್ತಾಗುತ್ತಿರಲಿಲ್ಲ. ಈ ಬಾವಿಗೆ ಮಾಡುವ ನೀವುವಿಕೆ ಚರ್ಮವನ್ನು ಹೂವಿನಂತೆ ಸವರುವ ಬೇರೆಯದೇ ಕ್ರಮ, ಅದನ್ನು ಕಲಿತವರೇ ಮಾಡಬೇಕು. ಪಟ್ಟಿ ಸುತ್ತಿ ಊತ ಇಳಿಸಿದ ಮೇಲೆ ಅಳತೆಗೆ ಸರಿಯಾದ ಬಿಗಿ ತೋಳುಚೀಲವನ್ನು ಕೊಟ್ಟರು. ಏಪ್ರಿಲ್ ತಿಂಗಳ ಮೈಸೂರಿನ ಬಿಸಿಲಿನಲ್ಲಿ ಅದನ್ನು ತೊಟ್ಟುಕೊಂಡು ಆರು ಪಿರಿಯಡ್ ಪಾಠ ಮಾಡುವುದು ಸುಲಭವಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಚರ್ಮದ ಆರೈಕೆಯನ್ನೂ ಕಲಿಸಿದರು: ಒಗ್ಗರಣೆ ಸಿಡಿದದ್ದು, ಗುಲಾಬಿ ಮುಳ್ಳು ಚುಚ್ಚಿದ್ದು ಯಾವುದನ್ನೂ ಅಲಕ್ಷಿಸಬಾರದು, ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಓಡಬೇಕು.

ಆದರೆ ದುಡಿಸಿದ್ದರಿಂದಲೇ ಬಾವು ಬಂತೇ ಎಂಬ ಪ್ರಶ್ನೆ ನನ್ನೊಳಗೆ ಕೊರೆಯುತ್ತಿತ್ತು. ಈ ಭಯ ನಮ್ಮ ಮನೆಯದಷ್ಟೇ ಆಗಿರಲಿಲ್ಲ, ದಶಕಗಳ ಕಾಲ ಜಗತ್ತಿನ ವೈದ್ಯರೇ ಅದನ್ನು ಹೇಳುತ್ತ ಬಂದಿದ್ದರು. ಅದನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಮೊದಲಿಗರೊಬ್ಬರು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ರೀಡಾವೈದ್ಯ ಡಾನ್ ಮೆಕೆಂಜಿ. 1996ರಲ್ಲಿ ಅವರು ವ್ಯಾಂಕೂವರಿನಲ್ಲಿ ಸ್ತನ ಕ್ಯಾನ್ಸರಿನಿಂದ ಗುಣವಾದ 24 ಮಹಿಳೆಯರನ್ನು ಸೇರಿಸಿ, ಹಲವರು ಸಾಲಾಗಿ ಕೂತು ನಡೆಸುವ ಡ್ರ್ಯಾಗನ್ ದೋಣಿ ಎಂಬ ಉದ್ದನೆಯ ದೋಣಿಗೆ ಹುಟ್ಟು ಹಾಕುವ, ತೋಳಿಗೆ ಅತ್ಯಂತ ಶ್ರಮ ಕೊಡುವ ಕೆಲಸವನ್ನು ಹಂತಹಂತವಾಗಿ ಕಲಿಸಿದರು. ಅವರಲ್ಲಿ ಯಾರಿಗೂ ಹೊಸದಾಗಿ ಬಾವು ಬರಲಿಲ್ಲ. ಅದು ಚಿಕ್ಕ ತಂಡದ ಅನುಭವ, ಅದೊಂದನ್ನೇ ನೆಚ್ಚಿ ಏನನ್ನೂ ಹೇಳಲಾಗುವುದಿಲ್ಲ. ಗಟ್ಟಿ ಉತ್ತರ ಬಂದದ್ದು ಅಮೆರಿಕದ ಕ್ಯಾಥರಿನ್ ಶ್ಮಿಟ್ಜ್ ಮತ್ತು ಅವರ ಸಂಗಡಿಗರಿಂದ. ಆಗಲೇ ಬಾವಿದ್ದ 141 ಮಹಿಳೆಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆರಡು ಸಲ ತೂಕ ಎತ್ತಿಸಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತೂಕ ಎತ್ತಿದವರ ಕೈ ಹೆಚ್ಚು ಊದಿಕೊಳ್ಳಲಿಲ್ಲ, ಬದಲಿಗೆ ಬಾವು ಉಲ್ಬಣಿಸಿದವರ ಪ್ರಮಾಣ ಅವರಲ್ಲಿ ಶೇ. 14 ಇದ್ದರೆ ಎತ್ತದವರಲ್ಲಿ ಶೇ. 29 ಇತ್ತು. ಮರುವರ್ಷ ಬಾವು ಇಲ್ಲದ, ಆದರೆ ಬರುವ ಸಾಧ್ಯತೆಯಿದ್ದ 154 ಮಂದಿಯ ಅಧ್ಯಯನ ಬಂತು. ಐದು ಅಥವಾ ಹೆಚ್ಚು ಗ್ರಂಥಿ ತೆಗೆಸಿಕೊಂಡವರನ್ನಷ್ಟೇ ನೋಡಿದರೆ, ತೂಕ ಎತ್ತಿದವರಲ್ಲಿ ಶೇ. 7 ಮಂದಿಗೆ, ಎತ್ತದವರಲ್ಲಿ ಶೇ. 22 ಮಂದಿಗೆ ಊತ ಕಾಣಿಸಿತ್ತು. ನನ್ನಿಂದ ತೆಗೆದದ್ದು 17. ಆ ಸಾಲನ್ನು ನಾನು ಮೂರು ಸಲ ಓದಿದೆ.

ಆ ಅಂಕಿಗಳಿಗಿಂತ ನನಗೆ ಮುಖ್ಯವೆನಿಸಿದ್ದು ಅವರು ಎತ್ತಿಸಿದ ರೀತಿ. ಮೊದಲು ಬರಿಗೈ ಅಥವಾ ಅತ್ಯಂತ ಹಗುರವಾದ ತೂಕ, ಮೊದಲ 13 ವಾರ ತರಬೇತಿ ಪಡೆದವರ ಕಣ್ಣಳತೆಯಲ್ಲಿ, ಬಾವಿರುವವರು ತೋಳುಚೀಲ ತೊಟ್ಟುಕೊಂಡೇ. ಕೈಯಲ್ಲಿ ಬದಲಾವಣೆ ಕಾಣದಿದ್ದರೆ ಮಾತ್ರ ತೂಕವನ್ನು ಸಾಧ್ಯವಾದಷ್ಟು ಚಿಕ್ಕ ಮೆಟ್ಟಿಲಿನಲ್ಲಿ ಏರಿಸುವುದು, ಕೆಲವು ದಿನ ತಪ್ಪಿಹೋದರೆ ಹಿಂದಿನ ತೂಕಕ್ಕೆ ಇಳಿದು ಮತ್ತೆ ಏರುವುದು. ಡಿಸ್ಚಾರ್ಜ್ ಹಾಳೆಯ ಕೊನೆಯ ಸಾಲಿನಲ್ಲಿ ಇಲ್ಲದಿದ್ದ ಪ್ರಮಾಣ ಇಲ್ಲಿ ಅಚ್ಚುಕಟ್ಟಾಗಿತ್ತು. ಫಿಸಿಯೋ ಹುಡುಗಿಗೆ ತೋರಿಸಿದಾಗ ನಕ್ಕು, "ನಾವೂ ಇದನ್ನೇ ಮಾಡೋಣ ಅಮ್ಮ" ಎಂದಳು. ಅರ್ಧ ಲೀಟರಿನ ನೀರಿನ ಬಾಟಲಿಯಿಂದ ಆರಂಭಿಸಿದೆ. ಮೂರು ವಾರದ ಮೇಲೆ ಒಂದು ಕಿಲೋ ತೊಗರಿಬೇಳೆಯ ಪೊಟ್ಟಣ. ದರ್ಜಿಯ ಟೇಪಿನಿಂದ ಮೊಣಕೈಯ ಮಡಿಕೆಗೆ 10 ಸೆಂಟಿಮೀಟರ್ ಮೇಲೂ ಕೆಳಗೂ ಎರಡೂ ತೋಳುಗಳ ಸುತ್ತಳತೆ ತೆಗೆದು, ಗೋಡೆಯ ಮೇಲಿನ ಕ್ಯಾಲೆಂಡರಿನ ಭಾನುವಾರದ ಮನೆಗಳಲ್ಲಿ ಬರೆಯುತ್ತ ಬಂದೆ. ಈಗ ಮೂರು ಕಿಲೋದ ಡಂಬೆಲ್ ಕೊಂಡಿದ್ದೇನೆ. ಮೊದಲ ಸಲ ಅದನ್ನು ಎತ್ತಿದಾಗ ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡಿದರು. ನಾಲ್ಕು ಭಾನುವಾರಗಳ ಅಂಕಿಗಳನ್ನು ಅವರಿಗೇ ಓದಿ ತೋರಿಸಿದ ಮೇಲೆ, ಈಗ ಟೇಪು ಹಿಡಿಯುವವರು ಅವರೇ.

ಕೈಯೊಂದೇ ದೇಹವಲ್ಲ. ಚಿಕಿತ್ಸೆ ಮುಗಿದ ಮೇಲೂ ಬಿಡದ ಆಯಾಸವಿತ್ತು, ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ. ಕ್ಯಾನ್ಸರ್ ಮರಳದಿರಲೆಂದು ಈಸ್ಟ್ರೊಜೆನ್ ಹಾರ್ಮೋನನ್ನು ತಗ್ಗಿಸುವ ಲೆಟ್ರೊಜೋಲ್ ಮಾತ್ರೆ ಶುರುವಾದ ಮೇಲೆ ಬೆಳಗ್ಗೆ ಬೆರಳುಗಳು ಮರದಂತಾಗಿ ಸೀಮೆಸುಣ್ಣ ಹಿಡಿಯುವುದೂ ಕಷ್ಟವಾಯಿತು, ಅದು ಮೂಳೆಯನ್ನೂ ಸವೆಸುತ್ತದೆ. ಈ ಬಗೆಯ ಮಾತ್ರೆ ತೆಗೆದುಕೊಳ್ಳುವವರ ಕೀಲುನೋವು ವಾರಕ್ಕೆ 150 ನಿಮಿಷದ ನಡಿಗೆ ಮತ್ತು ಎರಡು ದಿನದ ತೂಕದ ವ್ಯಾಯಾಮದಿಂದ ಕಡಿಮೆಯಾದದ್ದನ್ನು 121 ಮಹಿಳೆಯರ ಅಧ್ಯಯನವೊಂದು 2015ರಲ್ಲಿ ತೋರಿಸಿತು. ನನ್ನ ಪಾಲಿಗೆ ಆ ನಡಿಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತದೆ. ಮರಗಟ್ಟಿದ ಕಾಲ್ಬೆರಳುಗಳಿಂದಾಗಿ ಮೊದಮೊದಲು ಒಂದು ಕಲ್ಲುಬೆಂಚಿನಿಂದ ಇನ್ನೊಂದಕ್ಕೆ ಮಾತ್ರ ನಡೆದು ಕೂರುತ್ತಿದ್ದೆ. ಯೋಗದ ವಿಚಾರದಲ್ಲಿ ನಮ್ಮ ನಾಡಿನ ಕೊಡುಗೆ ದೊಡ್ಡದು. ಬೆಂಗಳೂರಿನ ಹೊರವಲಯದ ಜಿಗಣಿಯ ಸಮೀಪದ ವಿವೇಕಾನಂದ ಯೋಗ ವಿಶ್ವವಿದ್ಯಾಲಯದ ಸಂಶೋಧಕರು ಕೀಮೋ ಪಡೆಯುತ್ತಿದ್ದ 62 ಮಹಿಳೆಯರಲ್ಲಿ ಯೋಗ ಓಕರಿಕೆಯನ್ನು ತಗ್ಗಿಸಿದ್ದನ್ನು 2007ರಲ್ಲೇ ಪ್ರಕಟಿಸಿದ್ದರು. ಆದರೂ ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ: ಯೋಗ ಎಂದ ಮಾತ್ರಕ್ಕೆ ಅದು ಹಗುರವಾದದ್ದಲ್ಲ. ಸೂರ್ಯನಮಸ್ಕಾರದಲ್ಲಿ ಅಂಗೈ ನೆಲಕ್ಕೂರಿ ಮೈಯನ್ನು ಹೊತ್ತುಕೊಳ್ಳುವ ಭಂಗಿಗಳಲ್ಲಿ ತೋಳಿನ ಮೇಲೆ ಬೀಳುವ ಭಾರ ಮೂರು ಕಿಲೋಗಿಂತ ಎಷ್ಟೋ ಹೆಚ್ಚು. ಮೊದಲ ತರಗತಿಯಲ್ಲೇ ಹನ್ನೆರಡು ಹಾಕಿಸಲು ಹೊರಟ ಶಿಕ್ಷಕರಿಗೆ ನಾನು ಇಲ್ಲವೆಂದೆ. ಗೋಡೆಗೆ ಅಂಗೈಯೊತ್ತಿ ನಿಂತು ಆರಂಭಿಸಿ, ಮೇಜು, ಆಮೇಲೆ ಕುರ್ಚಿ, ಕೊನೆಗೆ ನೆಲ ಮುಟ್ಟುವುದಕ್ಕೆ ಎಂಟು ತಿಂಗಳು ತೆಗೆದುಕೊಂಡೆ.

ಇದೆಲ್ಲ ಸಾಧ್ಯವಾದದ್ದು ನನಗೆ ಸಂಬಳದ ರಜೆಯಿತ್ತು, ಓದಲು ಬರುತ್ತಿತ್ತು, ಫೋನು ಮಾಡಿದರೆ ಉತ್ತರಿಸುವ ಒಬ್ಬ ಹುಡುಗಿಯಿದ್ದಳು ಎಂಬ ಕಾರಣಕ್ಕೆ. ವಾರ್ಡಿನಲ್ಲಿ ನನ್ನ ಪಕ್ಕದ ಮಂಚದಲ್ಲಿದ್ದವಳು ಕೊಳ್ಳೇಗಾಲದ ಕಡೆಯ ಕೂಲಿ ಹೆಂಗಸು, ಬೇರೆಯವರ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ದು ಹೊರೆ ಹೊತ್ತು ಹುಳುಮನೆಗೆ ತಲುಪಿಸುವ ಕೆಲಸದವಳು. ನನ್ನ ಕೈಗಿತ್ತ ಹಾಳೆಯನ್ನೇ ಅವಳಿಗೂ ಕೊಟ್ಟಿದ್ದರು. ನಾನು ಓದಿ ಹೇಳಿದೆ. "ಹೊರೆ ಎತ್ಬ್ಯಾಡ ಅಂದ್ರೆ ಕೂಲಿ ಯಾರ್ ಕೊಟ್ಟಾರು, ಟೀಚರಮ್ಮ?" ಎಂದಿದ್ದಳು. ಭಾರ ಎತ್ತಬೇಡಿ ಎಂಬ ಮಾತು ನನ್ನನ್ನು ಮಂಚಕ್ಕೆ ಕಟ್ಟಿಹಾಕಿತು, ಅವಳನ್ನು ಮಾತ್ರ ಎರಡೇ ತಿಂಗಳಲ್ಲಿ ಯಾವ ತಯಾರಿಯೂ ಇಲ್ಲದೆ ಪೂರ್ತಿ ಹೊರೆಯ ಕೆಳಗೆ ತಂದು ನಿಲ್ಲಿಸಿತು. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ: ಇಷ್ಟು ತೂಕದಿಂದ, ಇಷ್ಟು ದಿನಕ್ಕೊಮ್ಮೆ, ಇಷ್ಟಿಷ್ಟೇ ಏರಿಸಿ ಎಂದು ಕೈ ಹಿಡಿದು ತೋರಿಸುವ ಅರ್ಧ ಗಂಟೆ.

ಕಳೆದ ತಿಂಗಳು ತಪಾಸಣೆಗೆ ಹೋದಾಗ ಓಪಿಡಿಯ ಬೆಂಚಿನಲ್ಲಿ ಅವಳು ಸಿಕ್ಕಳು. ಒಂದು ಸಲ ತೋಳು ಊದಿಕೊಂಡು ಜ್ವರ ಬಂದು ಹತ್ತು ದಿನ ಮಲಗಿದ್ದಳಂತೆ. ಆಮೇಲೆ ತಾನೇ ಒಂದು ದಾರಿ ಕಂಡುಕೊಂಡಿದ್ದಾಳೆ. ದೊಡ್ಡ ಹೊರೆಯನ್ನು ಮೂರು ಚಿಕ್ಕ ಕಟ್ಟುಗಳಾಗಿ ಮಾಡಿ ಮೂರು ಸಲ ಹೊರುತ್ತಾಳೆ, ತಲೆಗೆ ಏರಿಸುವುದಕ್ಕೆ ಗಂಡನನ್ನೋ ಮಗನನ್ನೋ ಕರೆಯುತ್ತಾಳೆ, ಸಂಜೆ ತೋಳು ಭಾರವೆನಿಸಿದರೆ ಮಾರನೆಯ ದಿನ ಎರಡೇ ಸಲ. ನಾನು ಚೀಲದಿಂದ ಟೇಪು ತೆಗೆದು ಅವಳ ತೋಳುಗಳನ್ನು ಅಳೆದೆ, ಮೊಣಕೈಗಿಂತ ಕೆಳಗೆ ಬಲಕ್ಕೂ ಎಡಕ್ಕೂ ಒಂದು ಸೆಂಟಿಮೀಟರಿನ ವ್ಯತ್ಯಾಸವಿತ್ತು. ಅವಳು ನನ್ನ ತೋಳನ್ನು ಅಳೆದಳು, ಒಂದೂವರೆ. ಟೇಪಿನ ಗೀಟುಗಳನ್ನು ಹೆಬ್ಬೆರಳಿನಿಂದ ಎಣಿಸಿ ನೋಡಿ, "ಹಂಗಾರೆ ಕಟ್ಟಿಗೆ ಇನ್ನೊಂದು ಹಿಡಿ ಸೊಪ್ಪು ಸೇರಿಸ್ಬೋದಾ?" ಎಂದು ಕೇಳಿದಳು. ಅದಕ್ಕೆ ಉತ್ತರ ಹೇಳುವ ಅಧಿಕಾರ ನನಗಿರಲಿಲ್ಲ. ನಮ್ಮ ಟೋಕನ್ನುಗಳ ಸರದಿ ಬರಲು ಇನ್ನೂ 40 ಮಂದಿ ಇದ್ದರು. ಇಬ್ಬರೂ ಎದ್ದು ಮಹಡಿಯ ಮೇಲಿನ ಫಿಸಿಯೋಥೆರಪಿ ವಿಭಾಗದ ಕಡೆಗೆ ಮೆಟ್ಟಿಲು ಹತ್ತಿದೆವು.